ಪದ ಪರಿಚಯ: ಭವಾವಳಿ

ಭವಾವಳಿ

ಚನ್ನಗಿರಿಯಿಂದ ನಲ್ಲೂರಿಗೆ ಹೋಗುವ ಬಸ್ಸಿನಲ್ಲಿ ಇಬ್ಬರು ಕಾಲೇಜು ಹುಡುಗರ ವಾದ. ಬ್ರ್ಯಾಂಡನ್ ಸ್ಯಾಂಡರ್ಸನ್ನನ ಮಾಯಾಲೋಕದ ಕಾದಂಬರಿಗಳಲ್ಲಿ ಹಾಯ್ಡ್ ಎಂಬವನು ಬೇರೆ ಬೇರೆ ವೇಷದಲ್ಲಿ ಸುಳಿಯುತ್ತಾನೆ. ‘ಇವನೂ ಅವನೇ ಕಣೋ’ ಎಂದು ಒಬ್ಬನ ಪಟ್ಟು. ಈ ನಂಟಿಗೆ ಅವರು ‘ಕನೆಕ್ಷನ್’ ಎನ್ನುತ್ತಿದ್ದರು. ನನಗೆ ಭವಾವಳಿ ನೆನಪಾಯಿತು.

‘ಭೂ’ (ಆಗು, ಇರು) ಧಾತುವಿನಿಂದ ಭವ, ಅಂದರೆ ಹುಟ್ಟು. ಆವಳಿ ಎಂದರೆ ಸಾಲು. ಅನುಭವ, ಭವಿಷ್ಯಗಳೂ ಅದೇ ಧಾತುವಿನ ಮಕ್ಕಳು. ಜೈನ ಕಾವ್ಯಗಳಲ್ಲಿ ಒಂದೇ ಜೀವದ ಜನ್ಮಗಳ ಸರಣಿಗೆ ಈ ಹೆಸರು. 941ರ ಪಂಪನ ‘ಆದಿಪುರಾಣ’ದಲ್ಲಿ ಲಲಿತಾಂಗ ಮುಂದಿನ ಜನ್ಮದಲ್ಲಿ ವಜ್ರಜಂಘನಾಗುತ್ತಾನೆ, ಸ್ವಯಂಪ್ರಭೆ ಶ್ರೀಮತಿಯಾಗುತ್ತಾಳೆ. ಗುರುತು ಹತ್ತುವುದು ಹಳೆಯ ಜನ್ಮವನ್ನು ಬರೆದ ಚಿತ್ರಪಟದಿಂದ! ಹಿಂದಿನ ಜನ್ಮದ ಈ ನೆನಪಿಗೆ ಜಾತಿಸ್ಮರಣೆ ಎಂದು ಹೆಸರು. ಇಲ್ಲಿ ‘ಜಾತಿ’ ಎಂದರೆ ಹುಟ್ಟು ಮಾತ್ರ, ಕುಲವಲ್ಲ. ವ್ಯತ್ಯಾಸವೊಂದಿದೆ: ಹಾಯ್ಡ್ ಸಾಯದೆ ಹೆಸರು ಬದಲಿಸುತ್ತಾನೆ, ಲಲಿತಾಂಗ ಸತ್ತು ಹುಟ್ಟುತ್ತಾನೆ.

ವಚನಕಾರರಲ್ಲಿ ಭವ ಕಳಚಬೇಕಾದ ಬಂಧನ. ಆವಳಿ ನಮಗೆ ದೀಪಾವಳಿಯಲ್ಲಿ ಉಳಿದಿದೆ. ಹಿಂದಿಯ ದಿವಾಲಿ, ಮರಾಠಿಯ ದಿವಾಳಿಗಳಲ್ಲಿ ಸವೆದಿದೆ. ಕೆಲವರು ‘ಭವ ಅವಳಿ’ ಎಂದು ಬಿಡಿಸುತ್ತಾರೆ. ತಪ್ಪು. ಜೋಡಿ ಮಕ್ಕಳ ಅವಳಿಯೇ ಬೇರೆ. ಅದು ಸಂಸ್ಕೃತದ ‘ಯಮಲ’ದಿಂದ ಬಂದದ್ದು.