ನೂರು ವರ್ಷದ ಮೇಲೆ ಗಟಾರಕ್ಕೆ ಯಾರು ಇಳೀತಾರ?



ಇದು ನನ್ನ ತಪ್ಪೊಪ್ಪಿಗೆ. ಸ್ವಲ್ಪ ಉದ್ದ ಅದ, ಪೂರ್ತಿ ಓದ್ರಿ.

ಅಂಬೇಡ್ಕರ್ ಜಯಂತಿಗೆ ಕಮಲಾಪುರದಲ್ಲಿ ನಮ್ಮ ಓಣಿ ಮಕ್ಕಳಿಗೆ ಕಥಾ ಸ್ಪರ್ಧೆ ಇಟ್ಟಿದ್ವಿ. ವಿಷಯ: ನೂರು ವರ್ಷದ ಮೇಲೆ ನಮ್ಮೂರು. ಕಲಬುರಗಿಯಿಂದ ನಾನೇ ತೀರ್ಪುಗಾರನಾಗಿ ಹೋಗಿದ್ದೆ. ಒಬ್ಬ ಹುಡುಗ ಇಸವಿ ಹಾಕಿ ಬರೆದಿದ್ದ: 2050ಕ್ಕೆ ಜಾತಿ ನಾಶ, 2080ಕ್ಕೆ ದಲಿತ ಪ್ರಧಾನಿ, 2120ಕ್ಕೆ ನಮ್ಮ ಕಲಬುರಗಿಯಂಥದೇ ಬುದ್ಧ ವಿಹಾರ ಮಂಗಳ ಗ್ರಹದಾಗ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಒಂದೇ ಪುಟ ಬರೆದಿದ್ದಳು. ಗಟಾರ ಬಳಿಯೋ ಯಂತ್ರ ಬಂದದ. ಅದು ಕೆಟ್ಟ ದಿನ ಫೋನು ಬರೋದು ಅವಳ ಮೊಮ್ಮಗನಿಗೇ. ಅವನು ಫೋನು ನೋಡ್ಕೋತ ಕೂತಾನ, ಎತ್ತವಲ್ಲ. ಅಷ್ಟೇ ಕಥೆ.

ಹುಡುಗನಿಗೆ ಮೊದಲ ಬಹುಮಾನ ಕೊಟ್ಟೆ. ಹುಡುಗಿಗೆ, "ಇದರಾಗ ವಿಜ್ಞಾನ ಎಲ್ಲದ ತಂಗಿ?" ಅಂದೆ.

ಆಮೇಲೆ ನಿದ್ದಿ ಬರಲಿಲ್ಲ. ಇದು ಹಳೇ ಜಗಳ. ಬರಲಿರೋ ಕಾಲದ ಚರಿತ್ರೆ ಬರೆಯೋದು ನಮ್ಮ ಭಾಗಕ್ಕೆ ಹೊಸದಲ್ಲ, ಕೊಡೇಕಲ್ ಬಸವಣ್ಣನ ಕಾಲಜ್ಞಾನ ಇಲ್ಲೇ ಪಕ್ಕದ ಯಾದಗಿರಿ ಜಿಲ್ಲೆಯದು. ವಿಜ್ಞಾನ ಕಥೆಯೊಳಗೆ 1930ರಲ್ಲಿ ಇಂಗ್ಲೆಂಡಿನ ಓಲಾಫ್ ಸ್ಟೇಪಲ್ಡನ್ 200 ಕೋಟಿ ವರ್ಷದ ಮನುಷ್ಯ ಚರಿತ್ರೆ ಬರೆದ. ಅದರಾಗ ಜನಾಂಗಗಳು ಹುಟ್ಟಿ ಸಾಯ್ತಾವ, ನೆನಪಿನಾಗ ಉಳಿಯೋ ಒಬ್ಬ ಮನುಷ್ಯ ಸಿಗೋದು ಕಷ್ಟ. 1942ರಿಂದ ಐಸಾಕ್ ಅಸಿಮೋವ್ ಬರೆದ 'ಫೌಂಡೇಶನ್' ಕಥೆಗಳಲ್ಲಿ ಗಣಿತವೇ ಭವಿಷ್ಯ ಹೇಳ್ತದ. ಕೋಟಿ ಕೋಟಿ ಮಂದಿ ಸೇರಿದ್ರ ಲೆಕ್ಕ ಹಾಕಬಹುದು, ಒಬ್ಬನ ಲೆಕ್ಕ ಸಿಗಂಗಿಲ್ಲ. ನಾನು ಗುಮಾಸ್ತ. ನಮ್ಮ ಕಚೇರಿಯಲ್ಲೂ ಮಂದಿ ಅಂದ್ರ ಅಂಕಿ-ಸಂಖ್ಯೆ. ಆದ್ರ ಮಜಾ ನೋಡ್ರಿ, ಅಸಿಮೋವ್‌ನ ಆ ದೊಡ್ಡ ಯೋಜನೆ ಮುರಿದದ್ದು ಒಬ್ಬನಿಂದ. ರೂಪದ ಸಲುವಾಗಿ ಸಣ್ಣಂದಿನಿಂದ ಅವಮಾನ ಉಂಡವನು, ತನ್ನನ್ನೇ 'ಮ್ಯೂಲ್', ಅಂದ್ರ ಹೇಸರಗತ್ತೆ ಅಂತ ಕರ್ಕೊಂಡವನು.

1993ರಲ್ಲಿ ಆಕ್ಟೇವಿಯಾ ಬಟ್ಲರ್ 'ಪ್ಯಾರಬಲ್ ಆಫ್ ದ ಸೋವರ್' ಬರೆದಳು. ಕಪ್ಪು ಹೆಣ್ಣುಮಗಳು, ಅವ್ವ ಬಿಳಿಯರ ಮನೆಗೆಲಸ ಮಾಡಿದಾಕಿ. ಕಾದಂಬರಿ ಶುರುವಾಗೋದು 2024ರಲ್ಲಿ. ದೇಶ ಕುಸೀಲಿಕ್ಕತ್ತದ, ಆದ್ರ ಅದೆಲ್ಲ ನಮಗೆ ಕಾಣೋದು 15 ವರ್ಷದ ಲಾರೆನ್ ಬರೆಯೋ ಡೈರಿಯೊಳಗೆ. ಬೇರೆಯವರ ನೋವು ಕಂಡ್ರ ಅವಳ ಮೈಯೂ ನೋಯ್ತದ.

ಅದೇ 1993ರಲ್ಲಿ ನಮ್ಮ ದೇಶವೂ ಒಂದು ಭವಿಷ್ಯ ಬರೀತು: ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ. ಕಾಯ್ದೆ ಅಂದ್ರ ಸರ್ಕಾರ ಬರೆಯೋ ಭವಿಷ್ಯದ ಚರಿತ್ರೆಯೇ ಅಲ್ಲೇನ್ರಿ? 20 ವರ್ಷ ಆದಮೇಲೆ, 2013ರಲ್ಲಿ, ಇನ್ನೊಂದು ಕಾಯ್ದೆ ಬೇಕಾಯ್ತು. 2014ರಲ್ಲಿ ಸುಪ್ರೀಂ ಕೋರ್ಟ್ ಗಟಾರದಾಗ ಸತ್ತವರ ಮನೆಯವರಿಗೆ 10 ಲಕ್ಷ ಪರಿಹಾರ ಅಂತು. 2023ರಲ್ಲಿ ಅದನ್ನ 30 ಲಕ್ಷ ಮಾಡ್ತು. ಮೊದಲನೇ ಕಾಯ್ದೆ ನಿಜ ಆಗಿದ್ರ ಈ ಲೆಕ್ಕ ಯಾಕೆ ಬರ್ತಿತ್ತು? ಇಸವಿ ಹಾಕಿ ಬರೆದದ್ದು ಎಲ್ಲಿ ಸುಳ್ಳಾಗ್ತದ ಅಂತ ಮೊದಲು ತಿಳಿಯೋದು ಫೋನು ಬರೋ ಮನೆಯವರಿಗೆ.

ಹಂಗಂತ ಆ ಹುಡುಗನ ಪಟ್ಟಿ ಹರಿದು ಬಿಸಾಕ್ರಿ ಅನ್ನಂಗಿಲ್ಲ. ಕನಸು ಕಾಣಲಿಕ್ಕೂ ನಮಗೆ ಅಪ್ಪಣೆ ಇರಲಿಲ್ಲ, ಇಸವಿ ಹಾಕಿ ಕನಸು ಕಾಣೋದು ನಮ್ಮ ಹಕ್ಕು. ಆದ್ರ ಬಾಬಾಸಾಹೇಬರು 1949ರ ನವೆಂಬರ್ 25ರಂದು ಏನಂದ್ರು ನೆನಪು ಮಾಡ್ಕೋರಿ. ಬರೋ ಜನವರಿ 26ಕ್ಕೆ ನಾವು ವೈರುಧ್ಯದ ಬದುಕಿಗೆ ಕಾಲಿಡ್ತೀವಿ, ರಾಜಕೀಯದಾಗ ಸಮಾನತೆ, ಸಾಮಾಜಿಕ, ಆರ್ಥಿಕ ಬದುಕಿನಾಗ ಅಸಮಾನತೆ ಅಂದ್ರು. ಸಂವಿಧಾನ ಬರೆದವರೇ ಕಾಗದದ ಭವಿಷ್ಯವನ್ನ ಮನುಷ್ಯನ ಬದುಕಿನ ಪಕ್ಕ ಇಟ್ಟು ನೋಡಿದ್ರು.

ಆ ಹುಡುಗಿಯೂ ಅದನ್ನೇ ಮಾಡಿದ್ದಳು. ನನಗೆ ತಿಳೀಲಿಲ್ಲ.

ಬರೋ ಭಾನುವಾರ ಕಮಲಾಪುರಕ್ಕೆ ಹೊಂಟೀನಿ. ಅದೇ ಓಣಿಯಾಗ, ಎಲ್ಲರ ಮುಂದೆ ಅವಳ ಕಥೆ ಓದ್ತೀನಿ. ಆಮೇಲೆ ಇಬ್ಬರನ್ನೂ ಕೂಡಿಸಿ ಒಂದೇ ಮಾತು ಕೇಳ್ತೀನಿ: ಆ ಮೊಮ್ಮಗನ ಫೋನು ಯಾವ ಇಸವಿಗೆ ನಿಲ್ತದ, ಅದಕ್ಕೆ ನಾವೇನು ಮಾಡಬೇಕು? ಇಬ್ಬರೂ ಸೇರಿ ಬರೀಲಿ.

ಬರೋರಿದ್ರ ಬರ್ರಿ. ಜೈ ಭೀಮ್.