ವೈದ್ಯಶಾಲೆಯ ಹೊಸ್ತಿಲು ಮತ್ತು ಹೃದ್ರೋಗಿ

ಜ್ವರ ಬಂದವನು ವೈದ್ಯನ ಮನೆಯ ಮೆಟ್ಟಿಲನ್ನು ಎರಡು ಮೂರು ಸಲ ಹತ್ತಿಳಿದು, ಗುಣಮುಖನಾದ ಮೇಲೆ ಆ ದಾರಿಯನ್ನೇ ಮರೆಯಬಹುದು. ಮೂಳೆ ಮುರಿದವನು ಅದು ಕೂಡಿಕೊಂಡ ತರುವಾಯ ತನ್ನ ಹೊಲ ತೋಟಗಳಿಗೆ ಹಿಂದಿರುಗಬಹುದು. ಆದರೆ ಹೃದ್ರೋಗವು ಒಮ್ಮೆ ದೇಹದಲ್ಲಿ ನೆಲೆಗೊಂಡಿತೆಂದರೆ, ಆ ಮನುಷ್ಯನು ತನ್ನ ಆಯುಷ್ಯದ ಶೇಷಭಾಗವನ್ನೆಲ್ಲ ಔಷಧ, ಪರೀಕ್ಷೆ, ಪುನಃ ಔಷಧ ಎಂಬ ಕ್ರಮಕ್ಕೆ ಒಪ್ಪಿಸಿ, ತಿಂಗಳು ತಿಂಗಳೂ ಅದೇ ಬೆಂಚಿನ ಮೇಲೆ ಕುಳಿತು ಕಾಯಬೇಕಾಗುತ್ತದೆ. ಹೀಗೆ ಕಾಯುವವನು ವೈದ್ಯನನ್ನು ಕಾಣುವುದು ನಿಮಿಷಗಳ ಲೆಕ್ಕದಲ್ಲಿ. ವೈದ್ಯನ ಬಾಗಿಲಲ್ಲಿರುವವರನ್ನು ಕಾಣುವುದು ಗಂಟೆಗಳ ಲೆಕ್ಕದಲ್ಲಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ತುಮಕೂರು ಸೀಮೆಯಲ್ಲಿ ನಾನು ದೇವಸ್ಥಾನಗಳ ಮುಂದೆ ಕೇಳಿದುದಕ್ಕಿಂತ ಆಸ್ಪತ್ರೆಗಳ ಮುಂದೆ ಕೇಳಿದುದೇ ಹೆಚ್ಚು. ವೈದ್ಯರ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಆ ಬಾಗಿಲಲ್ಲಿ ಚೀಟಿ ಹಿಡಿದು ನಿಂತವರು ಯಾರು, ಅವರಿಗೆ ಆ ಅಧಿಕಾರ ಎಲ್ಲಿಂದ ಬಂದಿತು, ಅವರ ಮಾತಿನಲ್ಲಿ ಗಡಸು ಯಾವಾಗ ಸೇರಿತು ಎಂಬುದನ್ನು ವಿಚಾರಿಸಿದವರು ವಿರಳ.

ಪ್ರಾಚೀನರು ಈ ವಿಷಯದಲ್ಲಿ ಅಲಕ್ಷ್ಯ ಮಾಡಿದವರಲ್ಲ. ಚರಕಸಂಹಿತೆಯ ಸೂತ್ರಸ್ಥಾನವು ಚಿಕಿತ್ಸೆಯ ನಾಲ್ಕು ಪಾದಗಳನ್ನು ಹೇಳುವಾಗ ವೈದ್ಯ, ಔಷಧದ್ರವ್ಯ, ರೋಗಿ ಈ ಮೂರರ ಪಂಕ್ತಿಯಲ್ಲಿಯೇ ಉಪಸ್ಥಾತೃವನ್ನೂ, ಎಂದರೆ ಬಳಿಯಲ್ಲಿದ್ದು ಉಪಚರಿಸುವವನನ್ನೂ, ಕುಳ್ಳಿರಿಸಿ, ಉಪಚಾರದ ಜ್ಞಾನ, ದಕ್ಷತೆ, ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳನ್ನು ಅವನಲ್ಲಿ ಅಪೇಕ್ಷಿಸುತ್ತದೆ. ಮೊದಲನೆಯದು ಜ್ಞಾನವೆಂಬುದನ್ನು ವಾಚಕರು ಗಮನಿಸಬೇಕು; ಅನುರಾಗವು ಅದರ ಹಿಂದೆ ಬರುತ್ತದೆ. ನಮ್ಮ ಕಡೆಯ ಪಂಡಿತರ ಮನೆಗಳಲ್ಲಿ ಈ ಕೆಲಸಕ್ಕೆಂದು ಪ್ರತ್ಯೇಕವಾದ ಸಿಬ್ಬಂದಿ ಇರಲಿಲ್ಲ. ನಾಡಿ ಹಿಡಿದವನೇ ದೇವರಾಯನದುರ್ಗದ ಕಾಡಿನಿಂದಲೋ ಸಿದ್ಧರಬೆಟ್ಟದಿಂದಲೋ ಬಂದ ಬೇರು ನಾರುಗಳನ್ನು ಆರಿಸುತ್ತಿದ್ದನು. ಮನೆಯ ಹೆಂಗಸರು ಕಲ್ವದಲ್ಲಿ ಅರೆದು ಕೊಡುತ್ತಿದ್ದರು. ಎದೆಯ ಬೇನೆಯೆಂದು ಬಂದವನಿಗೆ ಹಳ್ಳದ ದಡದ ತೊರೆಮತ್ತಿಯ ತೊಗಟೆಯನ್ನು ಹಾಲಿನಲ್ಲಿ ಕಾಯಿಸಿ ಕುಡಿಯುವ ಕ್ರಮವನ್ನು ಅದೇ ಜಗಲಿಯ ಮೇಲೆ ಕುಳಿತು ವಿವರಿಸುತ್ತಿದ್ದರು. ಇಷ್ಟು ಹೇಳಿ ಆ ಕಾಲವನ್ನು ಕೊಂಡಾಡಿಬಿಡುವುದು ಸುಲಭ. ಆದರೆ ಆ ಜಗಲಿಯನ್ನು ಏರುವ ಹಕ್ಕು ಎಲ್ಲ ಜಾತಿಯವರಿಗೂ ಇರಲಿಲ್ಲವೆಂಬುದನ್ನೂ, ಬೀದಿಯಲ್ಲಿಯೇ ನಿಂತು ದೂರದಿಂದ ರೋಗವನ್ನು ಹೇಳಿಕೊಂಡು ದೂರದಿಂದಲೇ ಪೊಟ್ಟಣವನ್ನು ಪಡೆದವರು ಬಹುಮಂದಿ ಇದ್ದರೆಂಬುದನ್ನೂ ಹೇಳದೆ ಹೋದರೆ ಚರಿತ್ರೆಗೆ ಅಪಚಾರವಾಗುತ್ತದೆ. ಹೊಸ್ತಿಲಿನ ಕಾವಲು ಆಗಲೂ ಇದ್ದಿತು. ಕಾವಲಿಗೆ ಆಳು ಬೇಕಾಗಿರಲಿಲ್ಲ, ಅಷ್ಟೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ತಾಲ್ಲೂಕು ಕೇಂದ್ರಗಳಲ್ಲಿ ಔಷಧಾಲಯಗಳನ್ನು ನಡೆಸತೊಡಗಿದಾಗ, ಜನರು ಅವಕ್ಕೆ ಧರ್ಮಾಸ್ಪತ್ರೆಯೆಂದು ಹೆಸರಿಟ್ಟರು. ಔಷಧಕ್ಕೆ ಹಣವಿಲ್ಲದಿದ್ದುದರಿಂದ ಆ ಹೆಸರು ಅನ್ವರ್ಥವಾಗಿಯೇ ಇದ್ದಿತು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ರೈಲು ಬಂದಿತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ತೆರೆಯಿತು. ಆದರೂ ಗುಬ್ಬಿಯ ಸಂತೆಗೆ ಬಂದ ರೈತನಿಗಾಗಲಿ ಕುಣಿಗಲ್ ಕೆರೆಯ ಕೆಳಗಿನ ಗದ್ದೆಯವನಿಗಾಗಲಿ ಪಾಶ್ಚಾತ್ಯ ವೈದ್ಯವೆಂದರೆ ಈ ಧರ್ಮಾಸ್ಪತ್ರೆಯೇ, ಧರ್ಮಾಸ್ಪತ್ರೆಯೆಂದರೆ ಅದರ ಕಿಂಡಿಯ ಹಿಂದೆ ನಿಂತ ಕಾಂಪೌಂಡರೇ. ಡಾಕ್ಟರಿಗೆ ವರ್ಗವಾಗುತ್ತಿದ್ದಿತು, ಅವರು ಬರುತ್ತಿದ್ದರು, ಹೋಗುತ್ತಿದ್ದರು. ಕಾಂಪೌಂಡರನು ಅನೇಕ ವೇಳೆ ಆ ಸೀಮೆಯವನೇ ಆಗಿದ್ದು, ಯಾರ ಮನೆಯಲ್ಲಿ ಯಾರಿಗೆ ಏನು ಕಾಹಿಲೆ, ಯಾರಿಗೆ ಯಾವ ಔಷಧ ಒಗ್ಗದು ಎಂಬುದನ್ನೆಲ್ಲ ರಿಜಿಸ್ಟರಿಗಿಂತ ಚೆನ್ನಾಗಿ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಿದ್ದನು.

ಅವನ ಕೆಲಸವನ್ನು ಹತ್ತಿರದಿಂದ ನೋಡಬೇಕು. ರೋಗಿಯು ಮನೆಯಿಂದ ತೊಳೆದು ತಂದ ಬಾಟಲಿಯನ್ನು ಕಿಂಡಿಯಲ್ಲಿ ಒಳಕ್ಕೆ ಕೊಡುತ್ತಿದ್ದನು. ಕಾಂಪೌಂಡರನು ಡಾಕ್ಟರ ಚೀಟಿಯನ್ನು ಓದಿ, ಗಾಜಿನ ಜಾಡಿಗಳಿಂದ ಒಂದೊಂದನ್ನೇ ಅಳತೆಯ ಲೋಟದಲ್ಲಿ ಅಳೆದು ಸುರಿದು, ನೀರು ಬೆರಸಿ, ಬೂಚು ಹಾಕಿ, ಕುಲುಕುತ್ತಿದ್ದನು. ಅನಂತರ ಬಿಳಿಯ ಕಾಗದದ ಉದ್ದನೆಯ ಪಟ್ಟಿಯೊಂದನ್ನು ಮಡಿಸಿ, ಅಂಚಿನಲ್ಲಿ ಕತ್ತರಿಯಿಂದ ಕಚ್ಚು ಮಾಡಿ, ಬಿಡಿಸಿ, ಗೋಂದು ಸವರಿ ಬಾಟಲಿಯ ಬೆನ್ನಿಗೆ ಅಂಟಿಸುತ್ತಿದ್ದನು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿನವರೆಗೆ ಒಂದು ಹೊತ್ತಿನ ಔಷಧ. ಅಕ್ಷರ ಬಾರದ ಮುದುಕಿಗೂ ಆ ಕಾಗದ ಅರ್ಥವಾಗುತ್ತಿದ್ದಿತು. ಬಾಟಲಿಯನ್ನು ಹೊರಕ್ಕೆ ಕೊಡುವಾಗ, ಕುಲುಕಿ ಕುಡಿಯಬೇಕು, ಹೊತ್ತಿಗೆ ಒಂದೇ ಕಚ್ಚು ಎಂದು ಎರಡು ಸಲ ಹೇಳಿ, ಏನು ಹೇಳಿದೆ ಹೇಳು ಎಂದು ಅವರ ಬಾಯಿಂದಲೇ ಹೇಳಿಸುವ ಕಾಂಪೌಂಡರನಿದ್ದನೆಂದರೆ ಆ ಊರಿನ ಪುಣ್ಯ.

ಇದು ಕೇವಲ ಅಚ್ಚುಕಟ್ಟಿನ ಮಾತಲ್ಲ, ಹೃದ್ರೋಗಿಯ ಮಟ್ಟಿಗೆ ಪ್ರಾಣದ ಮಾತು. ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಎಂಬ ವೈದ್ಯನು ಫಾಕ್ಸ್‌ಗ್ಲೋವ್ ಗಿಡದ ಎಲೆಯಿಂದ ಮೈಬಾವು ಇಳಿಯುವುದನ್ನು ವರ್ಷಗಟ್ಟಲೆ ಪರಿಶೀಲಿಸಿ 1785ರಲ್ಲಿ ಗ್ರಂಥವನ್ನು ಪ್ರಕಟಿಸಿದ ಕಾಲದಿಂದ, ಡಿಜಿಟಾಲಿಸ್ ಎಂಬ ಆ ಔಷಧವು ದುರ್ಬಲ ಹೃದಯಕ್ಕೆ ಬಹುಕಾಲ ಮುಖ್ಯ ಆಶ್ರಯವಾಗಿದ್ದಿತು. ಬ್ರಿಟಿಷ್ ಫಾರ್ಮಕೋಪಿಯಾವನ್ನು ಅನುಸರಿಸಿದ ಔಷಧಾಲಯಗಳಲ್ಲಿ ಅದರ ಟಿಂಕ್ಚರನ್ನು ಹನಿಗಳ ಲೆಕ್ಕದಲ್ಲಿ ಮಿಶ್ರಣಕ್ಕೆ ಸೇರಿಸುತ್ತಿದ್ದರು. ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಇರುವ ಅಂತರ ಅದರಲ್ಲಿ ಅತ್ಯಲ್ಪ. ಪ್ರಮಾಣ ಮೀರಿದರೆ ವಾಕರಿಕೆ ಬರುತ್ತದೆ, ಕಣ್ಣಿಗೆ ಕಂಡದ್ದೆಲ್ಲ ಹಳದಿಯಾಗುತ್ತದೆ, ನಾಡಿ ತೀರ ನಿಧಾನವಾಗುತ್ತದೆ, ಕೊನೆಗೆ ಗತಿ ತಪ್ಪುತ್ತದೆ. ಕಿಂಡಿಯ ಹಿಂದೆ ನಿಂತವನ ಕೈ ನಡುಗಿದರೆ, ಅಥವಾ ಹೊರಗೆ ನಿಂತವನು ವಾಂತಿಯಾಗುತ್ತಿದೆ ಸ್ವಾಮಿ ಎಂದುದನ್ನು ಅವನು ಕೇಳಿಸಿಕೊಳ್ಳದೆ ಹೋದರೆ, ಡಾಕ್ಟರ ವಿದ್ಯೆಯೆಲ್ಲ ನಿಷ್ಫಲ. ಹೀಗೆ ಕಾಂಪೌಂಡರನ ಅಧಿಕಾರಕ್ಕೆ ತಳಹದಿಯಾಗಿ ಒಂದು ವಿದ್ಯೆಯಿದ್ದಿತು. ದುರ್ಗುಣಗಳೂ ಇದ್ದುವು: ಬೆಣ್ಣೆ ತೆಂಗಿನಕಾಯಿಗಳನ್ನು ತಂದವನ ಬಾಟಲಿ ಮೊದಲು ತುಂಬುತ್ತಿದ್ದುದುಂಟು, ಬರಿಗೈಯವನಿಗೆ ನೀರೇ ಹೆಚ್ಚಾಗಿ ಬೀಳುತ್ತದೆಂಬ ದೂರು ಊರೂರಲ್ಲೂ ಇದ್ದಿತು. ಆದರೆ ಸಿಡುಕನಾದ ಕಾಂಪೌಂಡರನೂ ರೋಗಿಯ ಪಾದದ ಬಾವನ್ನು ಕಂಡು, ಇವನನ್ನು ಮೊದಲು ಒಳಗೆ ಕಳುಹಿಸಬೇಕೆಂದು ತಿಳಿಯಬಲ್ಲವನಾಗಿದ್ದನು.

ಈ ವಿದ್ಯೆ ಕ್ರಮೇಣ ಆ ಸ್ಥಾನವನ್ನು ಬಿಟ್ಟುಹೋಯಿತು. ಜೋಸೆಫ್ ಭೋರ್ ಅವರ ಸಮಿತಿಯು 1946ರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ನಕ್ಷೆಯನ್ನು ಹಾಕಿಕೊಟ್ಟಿತು. 1948ರ ಫಾರ್ಮಸಿ ಕಾಯಿದೆಯು ಔಷಧ ಬೆರಸುವ ಕೆಲಸವನ್ನು ನೋಂದಾಯಿತ ಫಾರ್ಮಸಿಸ್ಟರ ವೃತ್ತಿಯಾಗಿ ಬೇರ್ಪಡಿಸಿತು. ಕಾರ್ಖಾನೆಗಳಿಂದ ಸಿದ್ಧವಾದ ಮಾತ್ರೆಗಳು ಬಂದು, ಜಾಡಿಗಳೂ ಬೂಚುಗಳೂ ಕಚ್ಚಿನ ಕಾಗದವೂ ಮೂಲೆ ಸೇರಿದುವು. ಇವೆಲ್ಲವೂ ಒಳ್ಳೆಯದಕ್ಕೇ ಆದ ಬದಲಾವಣೆಗಳು. ಕೈಯಿಂದ ಬೆರಸಿದ ಮಿಶ್ರಣಕ್ಕಿಂತ ಅಳತೆ ನಿಶ್ಚಿತವಾದ ಮಾತ್ರೆ ಸಾವಿರ ಪಾಲು ಲೇಸು. ಆದರೆ ತುಮಕೂರಿನ ಬಿ.ಹೆಚ್. ರಸ್ತೆಯ ಉದ್ದಕ್ಕೂ ಖಾಸಗಿ ಕ್ಲಿನಿಕ್ಕುಗಳು ಹೆಚ್ಚಿದ ಕಾಲದಲ್ಲಿ, ಕಿಂಡಿಯ ಹಿಂದಿನ ಮನುಷ್ಯನು ಕಿಂಡಿಯನ್ನು ಬಿಟ್ಟು ಬಾಗಿಲಿಗೆ ಬಂದು ನಿಂತನು; ಅವನ ಕೈಯಲ್ಲಿದ್ದ ಅಳತೆಯ ಲೋಟ ಹೋಗಿ ಟೋಕನ್ ಬಂದಿತು. ವಿದ್ಯೆಯ ಅಧಿಕಾರ ಹೋಯಿತು, ಸರದಿಯ ಅಧಿಕಾರ ಉಳಿಯಿತು. ಯಾರು ಮೊದಲು, ಯಾರು ಅನಂತರ ಎಂಬ ಒಂದೇ ವಿಷಯದ ಮೇಲೆ ಒಬ್ಬನ ಗೌರವವೆಲ್ಲ ನಿಂತಾಗ ಅವನು ಆ ವಿಷಯದಲ್ಲಿ ನಿಷ್ಠುರನಾಗುವುದು ಸ್ವಾಭಾವಿಕವೆಂದೇ ನನ್ನ ಭಾವನೆ. 1948ರ ಜುಲೈ ತಿಂಗಳಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಸ್ಥಾಪಿಸಿದ ಇಂಗ್ಲೆಂಡಿನಲ್ಲಿಯೂ, ಹಿಂದೆ ಬಹುಮಟ್ಟಿಗೆ ಡಾಕ್ಟರ ಪತ್ನಿಯೇ ಬಾಗಿಲು ತೆರೆದು ವಿಚಾರಿಸಿಕೊಳ್ಳುತ್ತಿದ್ದ ಸ್ಥಾನಕ್ಕೆ ಸಂಬಳದ ಸ್ವಾಗತಕಾರಿಣಿ ಬಂದು, ಇದೇ ಬಗೆಯ ಅಸಮಾಧಾನ ಅಲ್ಲಿಯೂ ಬೆಳೆಯಿತು.

ದುರದೃಷ್ಟವಶಾತ್ ಇದೇ ಕಾಲದಲ್ಲಿಯೇ ಹೃದ್ರೋಗಿಯು ಹೊಸ್ತಿಲನ್ನು ತುಳಿಯಬೇಕಾದ ಸಂದರ್ಭಗಳು ಹೆಚ್ಚಿದುವು. ಗಂಟಲುನೋವಿನಿಂದ ಮೊದಲಾಗಿ ಕೀಲುಗಳನ್ನು ಹಿಡಿದು ಕೊನೆಗೆ ಹೃದಯದ ಕವಾಟಗಳನ್ನು ಕೆಡಿಸುವ ರುಮ್ಯಾಟಿಕ್ ಜ್ವರವು ಮಕ್ಕಳಲ್ಲಿ ಮರುಕಳಿಸದಿರಲು ಮೂರು ವಾರಕ್ಕೊಮ್ಮೆ, ವರ್ಷಾನುಗಟ್ಟಲೆ, ಪೆನಿಸಿಲಿನ್ ಚುಚ್ಚುಮದ್ದು ಕೊಡಿಸಬೇಕೆಂಬ ಪದ್ಧತಿ ಬಂದಿತು. ಆ ಚುಚ್ಚುಮದ್ದು ಅತಿಶಯವಾಗಿ ನೋಯುತ್ತದೆ. ಅಪರೂಪವಾಗಿ ಅಪಾಯವನ್ನೂ ತರುತ್ತದೆ. ಆದುದರಿಂದ ಕೊಡುವವರಿಗೂ ಅಂಜಿಕೆ. ಇವತ್ತು ಆಗಲ್ಲ, ನಾಳೆ ಬಾ ಎಂದು ಒಮ್ಮೆ ಹೇಳಿಸಿಕೊಂಡ ಕೂಲಿಯ ತಾಯಿ ಮರುದಿನದ ಕೂಲಿಯನ್ನೂ ಬಿಟ್ಟು ಬರುವಳೆಂದು ನಂಬುವಂತಿಲ್ಲ. ಇನ್ನು ಯಾಂತ್ರಿಕವಾದ ಕೃತಕ ಕವಾಟವನ್ನು ಹಾಕಿಸಿಕೊಂಡವರು ರಕ್ತ ತೆಳುವಾಗುವ ಮಾತ್ರೆಯನ್ನು ಬದುಕಿರುವವರೆಗೂ ನುಂಗುತ್ತ, ಐ.ಎನ್.ಆರ್. ಎಂಬ ರಕ್ತಪರೀಕ್ಷೆಯ ಅಂಕಿಯನ್ನು ಸಾಮಾನ್ಯವಾಗಿ ಎರಡೂವರೆಗೂ ಮೂರೂವರೆಗೂ ನಡುವೆ ಕಾಪಾಡಿಕೊಳ್ಳಬೇಕು; ಕಡಿಮೆಯಾದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ಎಲ್ಲೆಂದರಲ್ಲಿ ಸ್ರವಿಸುತ್ತದೆ.

ಕುಣಿಗಲ್ ತಾಲ್ಲೂಕಿನ ಹಳ್ಳಿಯಲ್ಲಿರುವ ನಮ್ಮ ಚಿಕ್ಕಮ್ಮನವರು ಇಂಥ ಕವಾಟದವರು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ವಸಡಿನಿಂದ ಬಂದ ರಕ್ತ ನಿಲ್ಲದೆ ಹೋದುದರಿಂದ, ಬಸ್ಸಿನಲ್ಲಿ ತುಮಕೂರಿಗೆ ಬಂದು, ಅವರು ತೋರಿಸಿಕೊಳ್ಳುತ್ತಿದ್ದ ಕ್ಲಿನಿಕ್ಕಿನ ಮೇಜಿನ ಬಳಿ ನಿಂತು ಸಂಗತಿಯನ್ನು ಹೇಳಿದರು. ಮೇಜಿನ ಹಿಂದಿದ್ದ ಹುಡುಗಿಯು ಪುಸ್ತಕದಿಂದ ತಲೆಯೆತ್ತದೆ, “ಎಲ್ರಿಗೂ ಅರ್ಜೆಂಟೇ ಕಣಮ್ಮ, ಕೂತ್ಕೊಳಿ, ನಂಬರ್ ಬಂದಾಗ ಕರೀತೀವಿ” ಎಂದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅವರು ಮಧ್ಯಾಹ್ನದವರೆಗೆ ಕುಳಿತಿದ್ದರು. ಒಳಗೆ ಹೋದಾಗ ಡಾಕ್ಟರು ಗಾಬರಿಯಾಗಿ, “ಬಂದ ತಕ್ಷಣ ಹೇಳಬಾರದಿತ್ತಾ ತಾಯಿ?” ಎಂದರಂತೆ. ಹೇಳಿದ್ದರು. ಕೇಳಿಸಿಕೊಂಡವಳಿಗೆ ಆ ಮಾತಿನ ತೂಕ ತಿಳಿದಿರಲಿಲ್ಲ. ತಿಳಿಸಿದವರು ಯಾರೂ ಇರಲಿಲ್ಲ. ನನಗೆ ಬಂದ ಕೋಪ ಚಿಕ್ಕಮ್ಮನವರಿಗೆ ಬರಲಿಲ್ಲ. ಮುಂದಿನ ತಿಂಗಳು ಅವರು ತಮ್ಮ ಚಿಕಿತ್ಸೆಯ ಪುಸ್ತಕದ ರಟ್ಟಿನ ಮೇಲೆ, ಕವಾಟದ ಆಪರೇಷನ್ ಆಗಿದೆ, ರಕ್ತ ಬಂದರೆ, ಎದೆ ಹಿಡಿದರೆ, ಕೈಕಾಲು ಸೋತರೆ ಕೂಡಲೇ ಡಾಕ್ಟರಿಗೆ ತೋರಿಸಬೇಕು ಎಂದು ಮೊಮ್ಮಗನ ಕೈಯಲ್ಲಿ ದಪ್ಪಕ್ಷರದಲ್ಲಿ ಬರೆಸಿಕೊಂಡು, ಅದೇ ಹುಡುಗಿಯ ಮುಂದಿಟ್ಟು, “ನೋಡಮ್ಮ, ನಿಂಗೂ ಗೊತ್ತಿರ್ಲಿ” ಎಂದರು. ಹುಡುಗಿ ಓದಿದಳು, ಅಂದಿನಿಂದ ಅವರ ಪುಸ್ತಕವನ್ನು ಬೇರೆ ಇಡುತ್ತಾಳೆ. ರೋಗಿಯೇ ಉಪಸ್ಥಾತೃವಿಗೆ ಪಾಠ ಹೇಳಬೇಕಾಗಿ ಬಂದ ಈ ವಿಪರ್ಯಾಸವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ನೋಯುತ್ತದೆ.

ಆ ಹುಡುಗಿಯ ಪಕ್ಷವನ್ನೂ ಹೇಳಲೇಬೇಕು. ಇಂಥ ಮೇಜುಗಳ ಹಿಂದೆ ಕುಳಿತವರಲ್ಲಿ ಹೆಚ್ಚು ಮಂದಿ ಅಲ್ಪ ಸಂಬಳದವರು. ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಗುತ್ತಿಗೆಯ ಮೇಲೆ ದುಡಿಯುವವರು ಬಹಳ. ಡಾಕ್ಟರು ತಡವಾಗಿ ಬಂದುದಕ್ಕೆ ಬೈಗುಳ ಇವರಿಗೆ. ರೋಗಿ ನುಗ್ಗಿದುದಕ್ಕೆ ಒಳಗಿನಿಂದ ಗದರಿಕೆಯೂ ಇವರಿಗೆ. ಆಸ್ಪತ್ರೆಯ ಸಿಬ್ಬಂದಿಯ ಮೇಲೆ ಕೈ ಮಾಡುವುದನ್ನು ತಡೆಯುವುದಕ್ಕಾಗಿಯೇ ಕರ್ನಾಟಕದಲ್ಲಿ 2009ರಲ್ಲಿ ಕಾಯಿದೆಯೊಂದು ಬರಬೇಕಾಯಿತೆಂದರೆ, ಹೊಸ್ತಿಲಿನ ಎರಡು ಕಡೆಯೂ ಎಷ್ಟು ಕಹಿ ಕೂಡಿಬಂದಿದ್ದಿತೆಂಬುದನ್ನು ಊಹಿಸಬಹುದು. ಇದರ ಜೊತೆಗೆ ಕಾಗದಪತ್ರಗಳ ಹೊರೆಯೂ ಸೇರಿತು. ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ, 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಮುಂತಾದ ಯೋಜನೆಗಳು ಬಡವರ ಹೃದಯದ ಶಸ್ತ್ರಚಿಕಿತ್ಸೆಯನ್ನು ಸಾಧ್ಯಮಾಡಿದುವು, ಅದು ಸಾಮಾನ್ಯ ಉಪಕಾರವಲ್ಲ. ಆದರೆ ರೇಷನ್ ಕಾರ್ಡಿನ ಜೆರಾಕ್ಸು, ಆಧಾರ್, ರೆಫರಲ್ ಪತ್ರ, ಮೊಹರು ಇವುಗಳನ್ನು ಕೇಳಿ ಪಡೆಯುವ ಕೆಲಸವೂ ಅದೇ ಮೇಜಿನವರ ಪಾಲಿಗೆ ಬಂದು, ಒಂದು ಮೊಹರಿಲ್ಲವೆಂದು ಹಿಂದಕ್ಕೆ ಕಳುಹಿಸುವ ಹೊಸ ಅಧಿಕಾರವೊಂದು ಅವರಿಗೆ ದೊರೆಯಿತು.

ಈಚೆಗೆ ಮಾತ್ರ, ಒಂದು ಮೂಲೆಯಲ್ಲಿ, ಹಳೆಯ ವಿದ್ಯೆ ಹೊಸ ರೂಪದಲ್ಲಿ ಹಿಂದಿರುಗುತ್ತಿರುವುದನ್ನು ಕಾಣುತ್ತಿದ್ದೇವೆ. 2021ರ ಅಕ್ಟೋಬರಿನಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ, ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವನಿಗೆ ಇ.ಸಿ.ಜಿ. ತೆಗೆದು, ಅದರ ಚಿತ್ರವನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರಕ್ಕೆ ರವಾನಿಸಿ, ಹೃದಯಾಘಾತವೆಂದು ಅಲ್ಲಿಂದ ಸೂಚನೆ ಬಂದ ಕೂಡಲೇ ರಕ್ತದ ಹೆಪ್ಪನ್ನು ಕರಗಿಸುವ ದುಬಾರಿಯಾದ ಚುಚ್ಚುಮದ್ದನ್ನು ಉಚಿತವಾಗಿ ಅಲ್ಲಿಯೇ ಕೊಟ್ಟು ಮುಂದಕ್ಕೆ ಕಳುಹಿಸುವ ಏರ್ಪಾಡಿದೆ. ಇದರಲ್ಲಿ ಟೋಕನ್ನಿಗೆ ಸ್ಥಾನವಿಲ್ಲ. ರೋಗಿಯ ಎದೆಗೆ ಇ.ಸಿ.ಜಿ.ಯ ತಂತಿಗಳನ್ನು ಅಂಟಿಸುವ ಸಿಸ್ಟರು, ಗ್ಯಾಸ್ ಇರಬೇಕು, ಮಾತ್ರೆ ತಗೊಂಡು ಮಲಗಿ ಎಂದುಬಿಡದೆ, ಮೊದಲು ಅಂಟಿಸಿ ಅನಂತರ ಮಾತನಾಡಬೇಕೆಂಬುದನ್ನು ಕಲಿತಿರಬೇಕಾಗುತ್ತದೆ.

ಆದರೆ ಇದು ಹೃದಯಾಘಾತದ ಗಳಿಗೆಗೆ ಮಾತ್ರ ಸಲ್ಲುವ ಏರ್ಪಾಡು. ತಿಂಗಳು ತಿಂಗಳೂ ಬರುವ ಕವಾಟದವರು, ಮೂರು ವಾರಕ್ಕೊಮ್ಮೆ ಬರುವ ಮಕ್ಕಳು, ಕಾಲು ಊದಿಕೊಂಡು ನಾಲ್ಕು ದಿನಗಳಲ್ಲಿ ತೂಕ ಏರಿದ ಮುದುಕರು ಇವರೆಲ್ಲರೂ ಇನ್ನೂ ಅದೇ ಮೇಜಿನ ಮುಂದೆಯೇ ನಿಲ್ಲುತ್ತಾರೆ. ಎದೆ ಬಿಗಿತ, ಮಲಗಿದರೆ ಹೆಚ್ಚುವ ಉಬ್ಬಸ, ಹೊಸದಾಗಿ ಏರಿದ ಕಾಲಿನ ಬಾವು, ರಕ್ತ ತೆಳುವಾಗುವ ಮಾತ್ರೆಯವರಲ್ಲಿ ರಕ್ತಸ್ರಾವ, ತಲೆಸುತ್ತಿ ಬೀಳುವಿಕೆ ಇಷ್ಟನ್ನು ಕೇಳಿದೊಡನೆ ಸರದಿಯನ್ನು ಮುರಿದು ಒಳಗೆ ತಿಳಿಸಬೇಕೆಂಬುದನ್ನು ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಕ್ಲಿನಿಕ್ಕುಗಳಲ್ಲಿ ಚೀಟಿ ಕೊಡುವವರಿಗೆ ಕಲಿಸಲು ವರ್ಷಗಳ ಶಿಕ್ಷಣ ಬೇಕಾಗಿಲ್ಲ. ತುಮಕೂರಿನಲ್ಲಿ ವೈದ್ಯಕೀಯ ಕಾಲೇಜುಗಳೂ ನರ್ಸಿಂಗ್ ಶಾಲೆಗಳೂ ಇವೆ. ಅವುಗಳ ಅಧ್ಯಾಪಕರು ಕ್ಲಿನಿಕ್ಕುಗಳು ಮುಚ್ಚಿರುವ ಒಂದು ಭಾನುವಾರದ ಮಧ್ಯಾಹ್ನದಲ್ಲಿ ಈ ಪಾಠವನ್ನು ಹೇಳಿ ಮುಗಿಸಬಲ್ಲರು.