ಕಲ್ಲಿನ ಕಣಜ

ಎಣ್ಣೆಯೆಲ್ಲ ಒಂದೇ ಅಲ್ಲವೆಂದು ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೆಂಗಿನೆಣ್ಣೆಯ ಒಗ್ಗರಣೆ ರೂಢಿಯಾದ ಮನೆಯಲ್ಲಿ ಕಡಲೆಕಾಯಿ ಎಣ್ಣೆ ಹಾಕಿದರೆ ಮೊದಲ ತುತ್ತಿಗೇ ಗೊತ್ತಾಗುತ್ತದೆ. ನೆಲದಾಳದಿಂದ ತೆಗೆಯುವ ಕಚ್ಚಾ ತೈಲದ ಕಥೆಯೂ ಹೀಗೆಯೇ. ಅದರಲ್ಲಿ ತೆಳುವಾದದ್ದುಂಟು, ಗಟ್ಟಿಯಾದದ್ದುಂಟು. ಗಂಧಕ ಕಡಿಮೆಯಿದ್ದರೆ ವ್ಯಾಪಾರಿಗಳು ಅದನ್ನು 'ಸಿಹಿ' ಎನ್ನುತ್ತಾರೆ, ಹೆಚ್ಚಿದ್ದರೆ 'ಹುಳಿ'. 1974ರಲ್ಲಿ ಮುಂಬಯಿಯ ಕಡಲಿನಲ್ಲಿ ಸಿಕ್ಕ ಬಾಂಬೆ ಹೈ ತೈಲ ತೆಳುವಾದದ್ದು, ಸಿಹಿಯಾದದ್ದು. ಕೊಲ್ಲಿ ದೇಶಗಳಿಂದ ಬರುವುದು ಬಹುಪಾಲು ಹುಳಿ.

ತೆಳು ತೈಲವನ್ನು ಕಾಸಿದರೆ ಪೆಟ್ರೋಲು, ಡೀಸೆಲ್ಲು ಹೆಚ್ಚು ಸಿಗುತ್ತವೆ. ಗಟ್ಟಿ ತೈಲವಾದರೆ ತಳದಲ್ಲಿ ಡಾಂಬರಿನಂಥ ಗಷ್ಟು ಹೆಚ್ಚು ಉಳಿಯುತ್ತದೆ. ಅದನ್ನು ಒಡೆಯಲು, ಗಂಧಕವನ್ನು ತೆಗೆಯಲು ಬೇರೆ ಯಂತ್ರಗಳೇ ಬೇಕು. ಆದ್ದರಿಂದಲೇ ಒಂದು ಬಗೆಯ ತೈಲಕ್ಕೆಂದು ಕಟ್ಟಿದ ಸಂಸ್ಕರಣಾಗಾರಕ್ಕೆ ಇನ್ನೊಂದು ಬಗೆಯದು ಸುಲಭವಾಗಿ ಒಗ್ಗದು.

1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ಆ ಎರಡೂ ದೇಶಗಳಿಂದ ನಾವು ತೈಲ ತರಿಸುತ್ತಿದ್ದೆವು. ಅಲ್ಲಿ ದುಡಿಯುತ್ತಿದ್ದ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಕರೆತರಲಾಯಿತು. ನಮ್ಮ ಕರಾವಳಿಯವರೂ ಅವರಲ್ಲಿದ್ದರು. ನಮ್ಮೂರಿನಲ್ಲಿ ನಾನು ಕಂಡ ಯುದ್ಧವೆಂದರೆ ಸೀಮೆಎಣ್ಣೆಯ ಸಾಲು. ಬೆಳಗಿನ ಜಾವವೇ ಡಬ್ಬಗಳನ್ನಿಟ್ಟು ಜಾಗ ಹಿಡಿದ ಹೆಂಗಸರು, ಅಂಗಡಿಯವನು 'ಸ್ಟಾಕ್ ಇಲ್ಲ' ಎಂದಾಗ ಖಾಲಿ ಡಬ್ಬವನ್ನೇ ಹೊತ್ತು ಹಿಂತಿರುಗುತ್ತಿದ್ದರು. ತೈಲದ ಬೆಲೆ ಏರಿ, ಮೊದಲೇ ಸೊರಗಿದ್ದ ಬೊಕ್ಕಸ ಇನ್ನಷ್ಟು ಬರಿದಾಯಿತು. 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಲಂಡನ್ನಿಗೆ ಅಡವಿಗೆ ಕಳಿಸಿತು. ಬಳೆ ಬಿಚ್ಚಿ ಅಡವಿಟ್ಟ ಮನೆಯವರಿಗೆ ಆ ಸುದ್ದಿಯ ಸಂಕಟವನ್ನು ವಿವರಿಸಬೇಕಾಗಿರಲಿಲ್ಲ.

ಕಣಜದ ತಳ ಕಾಣುವ ಮೊದಲೇ ಭತ್ತ ತುಂಬಿಸಬೇಕೆಂಬುದು ನಮ್ಮ ಅತ್ತೆಯವರ ನಿಯಮವಾಗಿತ್ತು. ಅಮೆರಿಕ ಆ ಪಾಠ ಕಲಿತದ್ದು 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದ ಮೇಲೆ. 1975ರಲ್ಲಿ ಕಾನೂನು ಮಾಡಿ, ಟೆಕ್ಸಾಸ್ ಮತ್ತು ಲೂಸಿಯಾನಾದ ಉಪ್ಪಿನ ಪದರಗಳಲ್ಲಿ ಗುಹೆ ಕೊರೆದು ತೈಲ ಕೂಡಿಟ್ಟರು. ಅಲ್ಲಿಯೂ ಸಿಹಿ ತೈಲ ಬೇರೆ, ಹುಳಿ ತೈಲ ಬೇರೆ. ಅಕ್ಕಿ, ರಾಗಿ ಬೆರೆಸಿಡದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ನಮ್ಮ ಸರ್ಕಾರ ಇದಕ್ಕೆಂದೇ ಒಂದು ಸಂಸ್ಥೆ ಕಟ್ಟಿದ್ದು 2004ರಲ್ಲಿ. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಸುವ ಕಣಜಗಳನ್ನು ಬಂಡೆಯಲ್ಲೇ ಕೊರೆದರು. ಒಳಗೆ ಉಕ್ಕಿನ ಹೊದಿಕೆಯಿಲ್ಲ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿರುವ ನೀರಿನ ಒತ್ತಡವೇ ತೈಲ ಸೋರದಂತೆ ತಡೆಯುತ್ತದೆ. ಎಣ್ಣೆಗೆ ನೀರಿನ ಕಾವಲು! 2020ರ ಏಪ್ರಿಲ್, ಮೇ ತಿಂಗಳಲ್ಲಿ ಬೆಲೆ ಕುಸಿದಾಗ ಇವನ್ನು ತುಂಬಿಸಿದ್ದು, ಸುಗ್ಗಿಯಲ್ಲಿ ಅಗ್ಗಕ್ಕೆ ಧಾನ್ಯ ಕೊಂಡಿಡುವ ಗೃಹಿಣಿಯ ಜಾಣತನವೇ.

ಆದರೆ ಲೆಕ್ಕ ಹಾಕಿ ನೋಡಿ. ಮೂರೂ ತುಂಬಿದ್ದರೂ 2019-20ರ ಬಳಕೆಯ ಪ್ರಕಾರ ಒಂಬತ್ತೂವರೆ ದಿನಕ್ಕಾಗುವಷ್ಟೇ. ತೈಲ ಕಂಪನಿಗಳ ದಾಸ್ತಾನು ಬೇರೆ ಇದೆ, ನಿಜ. ಆದರೂ ಅಭಾವ ಬಂದಾಗ ಮೊದಲು ಆರುವುದು ಬಡವರ ಒಲೆ. ಎಷ್ಟು ದಿನಕ್ಕಿದೆ, ಇರುವುದು ನಮ್ಮ ಸಂಸ್ಕರಣಾಗಾರಗಳಿಗೆ ಒಗ್ಗುವಂಥದ್ದೇ ಎಂಬ ಎರಡು ಪ್ರಶ್ನೆಗಳನ್ನು, ಉಗ್ರಾಣದ ಬೀಗದ ಕೈ ಹಿಡಿದ ನಾವು ಧೈರ್ಯವಾಗಿ ಕೇಳಬಹುದು.